ಕಣ ದಾಟಿದ ಕಾಲು

ಕುಟ್ಟಪ್ಪನವರ ಬಲಗಾಲು ಹೊಸ್ತಿಲ ಒಳಗೇ ಉಳಿದುಬಿಟ್ಟಿತು.

ಮೈ ಹೊರಟಿತ್ತು, ತಲೆ ಹೊರಟಿತ್ತು, ಜಗಲಿಯಲ್ಲಿ ಕಾಯುತ್ತಿದ್ದ ಪೊಲೀಸರ ಕಡೆಗೆ ಕಣ್ಣೂ ಹೊರಟಿತ್ತು. ಪಾದ ಮಾತ್ರ ನೆಲದಲ್ಲಿ ಹೂತ ಗೂಟದ ಹಾಗೆ ನಿಂತಿತ್ತು. ಮಗಳು ಪೂಜಿತಾ ತೋಳು ಹಿಡಿದುಕೊಂಡಳು. ಎಳೆಯಲಿಲ್ಲ. ಎಳೆದರೆ ಮುಗ್ಗರಿಸಿ ಬೀಳುತ್ತಾರೆಂದು ಅವಳಿಗೆ ಗೊತ್ತಿತ್ತು.

"ಶುರುವಾಯ್ತು ನೋಡಿ," ಎಂದರು ಸರ್ಕಲ್ ಇನ್‌ಸ್ಪೆಕ್ಟರ್ ಜವರಪ್ಪ. "ಜೀಪು ಕಂಡ ತಕ್ಷಣ ಕಾಲು ಕಟ್ಕೊಳ್ತು."

ಸಬ್ ಇನ್‌ಸ್ಪೆಕ್ಟರ್ ದಿವ್ಯಶ್ರೀಯ ಕಣ್ಣು ಆ ಪಾದದ ಮೇಲಿತ್ತು. ಹೆಬ್ಬೆರಳು ಹೊಸ್ತಿಲಿನ ಮರವನ್ನು ಒತ್ತುತ್ತಿತ್ತು, ಹಿಮ್ಮಡಿ ಅದುರುತ್ತಿತ್ತು. ನಟಿಸುವವನ ಹಣೆಯ ಮೇಲೆ ಹೀಗೆ ಬೆವರು ಬರುತ್ತದೆಯೇ ಎಂದು ಯೋಚಿಸುತ್ತಿದ್ದಳು.

ಪಕ್ಕದ ತೋಟದ ಉದಯ ಮೊನ್ನೆ ಬೆಳಿಗ್ಗೆ ಇದೇ ಮನೆಯ ತೊಟ್ಟಿಯ ಬದಿಯಲ್ಲಿ ತಲೆ ಒಡೆದುಕೊಂಡು, ಮೈಯೆಲ್ಲ ಒದ್ದೆಯಾಗಿ ಬಿದ್ದಿದ್ದ. ಮಡಿಕೇರಿಯ ಆಸ್ಪತ್ರೆಯಲ್ಲಿ ಅವನಿನ್ನೂ ಕಣ್ಣು ಬಿಟ್ಟಿರಲಿಲ್ಲ. ಅದು ಕಾಫಿ ಹಣ್ಣು ತೊಳೆಯುವ ತೊಟ್ಟಿ. ಉದಯ ತನ್ನ ಮನೆಯ ಅಂಥದೇ ತೊಟ್ಟಿಯ ಗಲೀಜು ನೀರನ್ನು ತಮ್ಮ ತೋಟದ ಸಣ್ಣ ಹಳ್ಳಕ್ಕೆ, ತೋಡಿಗೆ, ಬಿಡುತ್ತಾನೆಂದು ಕುಟ್ಟಪ್ಪ ಹಿಂದಿನ ವಾರವಷ್ಟೇ ನೆಲ್ಯಹುದಿಕೇರಿ ಬಸ್ ನಿಲ್ದಾಣದಲ್ಲಿ, ನಾಲ್ಕು ಜನರ ಎದುರು, "ನಿನ್ನನ್ನೇ ಒಂದಿನ ತೊಟ್ಟಿಗೆ ಹಾಕ್ತೇನೆ" ಎಂದಿದ್ದರು. ಮಾತು ಊರಿಡೀ ಹರಡಿತ್ತು.

ಆದರೂ ಅವರ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆಯ ಮನುಷ್ಯ. ಕುರ್ಚಿಯಿಂದ ಮಂಚಕ್ಕೆ ಹೋಗಲು ಇಬ್ಬರು ಬೇಕು. ಕಾಫಿ ಒಣಗಿಸುವ ಕಣದ ಆಚೆಯ ತೊಟ್ಟಿಗೆ ಹೋಗುವುದೆಂದರೆ ಕಾವೇರಿ ದಾಟಿದ ಹಾಗೆ.

ಹಾಗೆಂದು ಎಲ್ಲರೂ ನಂಬಿದ್ದರು. ನಿನ್ನೆ ಸೌಜನ್ಯಾಳ ಲ್ಯಾಪ್‌ಟಾಪು ಬೇರೆಯೇ ಹೇಳಿತು.

ಸೌಜನ್ಯ ಫಿಸಿಯೋಥೆರಪಿಸ್ಟ್. ಮೈಸೂರಿನ ಆಸ್ಪತ್ರೆಯೊಂದರ ಅಧ್ಯಯನಕ್ಕಾಗಿ ಈ ಕಾಯಿಲೆಯವರ ಮನೆಮನೆಗೆ ಓಡಾಡುತ್ತಿದ್ದಳು. ಕುಟ್ಟಪ್ಪನವರ ಮಣಿಕಟ್ಟಿಗೊಂದು, ಕಣಕಾಲಿಗೊಂದು ಪಟ್ಟಿ ಕಟ್ಟಿದ್ದವಳು ಅವಳೇ. ಮುಳ್ಳಿಲ್ಲದ ಗಡಿಯಾರದಂಥ ಪಟ್ಟಿ. ಒಳಗಿನ ಸೆನ್ಸರು ಕೈ ನಡುಗಿದ್ದು, ಕಾಲು ಎಳೆದದ್ದು, ಮಗ್ಗುಲು ಬದಲಿಸಿದ್ದು ಎಲ್ಲವನ್ನೂ ಬರೆದುಕೊಳ್ಳುತ್ತದೆ. ಡಾಕ್ಟರ ಎದುರು ರೋಗಿ ಇರುವುದು ಸ್ವಲ್ಪ ಹೊತ್ತು, ಅಲ್ಲಿ ಹೇಗೋ ಗಟ್ಟಿ ಮನಸ್ಸು ಮಾಡಿ ಚೆನ್ನಾಗಿಯೇ ನಡೆದು ತೋರಿಸುತ್ತಾನೆ. ಮನೆಯಲ್ಲಿ ಏನು ಪಾಡು ಎಂದು ಹೇಳುವುದು ಪಟ್ಟಿಯೊಂದೇ ಎಂದು ಅವಳು ವಿವರಿಸಿದ್ದಳು.

ಈಗ ಆ ಲ್ಯಾಪ್‌ಟಾಪು ಜಗಲಿಯಲ್ಲಿ ಕಾಫಿ ಮೂಟೆಯ ಮೇಲೆ ತೆರೆದುಕೊಂಡಿತ್ತು. ಪರದೆಯ ಮೇಲೆ ಕುಟ್ಟಪ್ಪನವರ ಕಾಲಿನ ಅಲೆಗಳು. ತಿಂಗಳಿಡೀ ಕೋಳಿ ಕೆದರಿದ ನೆಲದ ಹಾಗೆ ಚಿಂದಿ ಚಿಂದಿ. ಮೊನ್ನೆ ಬೆಳಿಗ್ಗೆ ಮಾತ್ರ, ಉದಯ ಬಿದ್ದ ಹೊತ್ತಿಗೆ ಸರಿಯಾಗಿ, ಅಲೆ ಒಂದೇ ಅಳತೆಗೆ ಬಂದಿತ್ತು. ಹೊಲಿಗೆ ಯಂತ್ರದಲ್ಲಿ ಹಾಕಿದ ಹೊಲಿಗೆಯ ಹಾಗೆ. ನಡುವೆ ಒಂದಷ್ಟು ಗೊಂದಲದ ಗೀಚು. ಮತ್ತೆ ಅದೇ ಹೊಲಿಗೆ.

"ಹೋಗಿದ್ದು, ಹೊಡೆದದ್ದು, ಬಂದದ್ದು," ಎಂದು ಜವರಪ್ಪ ಮೂರು ಕಡೆ ಬೆರಳಿಟ್ಟರು. "ಇದಕ್ಕಿಂತ ಸಾಕ್ಷಿ ಬೇಕೇನ್ರೀ? ಮನೆಯವರು ಕುಶಾಲನಗರಕ್ಕೆ ಹೋಗಿದ್ರು, ಆಳುಗಳೆಲ್ಲ ಕೆಳಗಿನ ತೋಟದಲ್ಲಿ ಹಣ್ಣು ಕೊಯ್ಯೋ ಪಿಕ್ಕಿಂಗಲ್ಲಿದ್ರು. ಕುರ್ಚಿಯಿಂದ ಎದ್ದೇ ಇಲ್ಲ ಅಂತ ಇವರು ಹೇಳಿಕೆ ಕೊಟ್ಟಿದ್ದಾರೆ. ಸುಳ್ಳು ಅಂತ ಇವರ ಕಾಲೇ ಹೇಳ್ತಿದೆ."

ಅವರು ಕೆಟ್ಟ ಮನುಷ್ಯರಲ್ಲ. ಮೂವತ್ತು ವರ್ಷ ಸುಳ್ಳು ಕೇಳಿ ಕೇಳಿ ಸುಸ್ತಾದ ಮನುಷ್ಯ. ಇವತ್ತು ಕುಟ್ಟಪ್ಪನವರನ್ನು ಕರೆದುಕೊಂಡು ಹೋಗುವುದು ಖಂಡಿತ ಎಂದಿದ್ದರು. ಕೊಲೆ ಯತ್ನದ ಕೇಸು.

ಪೂಜಿತಾಳಿಗೆ ಕೇಸಿಗಿಂತ ಮಾತ್ರೆಯ ಭಯ. ಹೊತ್ತಿಗೆ ಸರಿಯಾಗಿ ನುಂಗಿಸದಿದ್ದರೆ ಅಪ್ಪನ ಗಂಟಲೂ ಹೀಗೇ ಕಟ್ಟಿಕೊಳ್ಳುತ್ತದೆ, ಆಮೇಲೆ ನೀರೂ ಇಳಿಯುವುದಿಲ್ಲ, ಲಾಕಪ್ಪಿನಲ್ಲಿ ಅದನ್ನು ಯಾರು ನೋಡುತ್ತಾರೆ ಎಂದು ಬೆಳಗಿನಿಂದ ಎಲ್ಲರಿಗೂ ಹೇಳಿದ್ದಳು. ದನಿ ಏರಿಸದೆ, ಕಣ್ಣು ತುಂಬದೆ, ಬಸ್ಸಿನ ಸಮಯ ಹೇಳುವವಳ ಹಾಗೆ. ಅವಳು ಯಾವಾಗಲೂ ಹಾಗೆಯೇ ಎಂದು ಅವಳ ತಾಯಿ ತಂಗಮ್ಮ ದಿವ್ಯಶ್ರೀಗೆ ಪಿಸುಗುಟ್ಟಿದ್ದರು. ಮೊದಲು ಹೀಗಿರಲಿಲ್ಲವಂತೆ.

"ಪಟ್ಟಿ ಬೇರೆ ಯಾರೋ ಕಟ್ಟಿಕೊಂಡಿರಬಹುದಲ್ಲ?" ಎಂದು ಪೂಜಿತಾ ಈಗ ಕೇಳಿದಳು. "ಅಪ್ಪ ಬಿಚ್ಚಿಟ್ಟಿದ್ದಾಗ."

ಅದೊಂದೇ ದಾರಿ ಉಳಿದಿತ್ತು. ದಿವ್ಯಶ್ರೀ ಸೌಜನ್ಯಾಳಿಗೆ ಕೈಯ ಪಟ್ಟಿಯ ಅಲೆ ತೋರಿಸಲು ಹೇಳಿದಳು. ಕಾಲು ಅಷ್ಟು ಚಂದ ನಡೆಯುತ್ತಿದ್ದ ಹೊತ್ತಿನಲ್ಲಿ ಕೈ ಏನು ಮಾಡುತ್ತಿತ್ತು?

ಕೈ ನಡುಗುತ್ತಿತ್ತು. ಸಣ್ಣಗೆ, ಬಿಡದೆ, ಬೀಡಿ ಸುತ್ತುವವರ ಬೆರಳಿನ ಹಾಗೆ. ತಿಂಗಳಿಡೀ ಇದ್ದ ಅದೇ ಓಟ, ಅದೇ ಲಯ. ಒಬ್ಬೊಬ್ಬರ ನಡುಕ ಒಂದೊಂದು ಥರ, ಇದನ್ನು ಬೇಕೆಂದರೂ ಇನ್ನೊಬ್ಬರು ನಡುಗಲಾರರು ಎಂದಳು ಸೌಜನ್ಯ, ತಪ್ಪು ತನ್ನದೇ ಎಂಬ ಹಾಗೆ ತಲೆ ತಗ್ಗಿಸಿ.

"ನೀವು ನಮ್ಮ ಪರ ಅಂದುಕೊಂಡಿದ್ದೆ," ಎಂದಳು ಪೂಜಿತಾ, ದಿವ್ಯಶ್ರೀಯ ಕಡೆ ತಿರುಗಿ.

"ನಾನು ಯಾರ ಪರವೂ ಅಲ್ಲ," ಎಂದಳು ದಿವ್ಯಶ್ರೀ. "ಆದರೆ ಆ ಕೈ ನಿಮ್ಮ ಅಪ್ಪಂದು. ನಡೆದವರು ಅವರೇ. ಹೇಗೆ ನಡೆದ್ರು ಅನ್ನೋದು ನಂಗೆ ಬೇಕು. ಸರ್, ಸ್ವಲ್ಪ ಹೊತ್ತು ಕೊಡಿ."

ಜವರಪ್ಪ ಗಡಿಯಾರ ನೋಡಿಕೊಂಡರು. ತಂಗಮ್ಮ ಕಾಫಿ ತಂದಿಟ್ಟರು. ಬೆಲ್ಲದ ಕಾಫಿ, ಜೊತೆಗೆ ಬಾಳೆಕಾಯಿ ಚಿಪ್ಸು. ಕಾಫಿ ತಣ್ಣಗಾಗುವ ತನಕ ಎಂದರು ಜವರಪ್ಪ.

*

ಮನೆಯ ಹಿಂದೆ ಕಣ. ಆಚೆ ತುದಿಯಲ್ಲಿ ತೊಟ್ಟಿ. ನಡುವೆ ಕೆಂಪು ಕಪ್ಪಾಗುತ್ತಿದ್ದ ಕಾಫಿ ಹಣ್ಣು ಬಿಸಿಲಿಗೆ ಮೈ ಚಾಚಿಕೊಂಡು ಒಣಗುತ್ತಿತ್ತು.

ಆ ಬೆಳಿಗ್ಗೆ ಕುಟ್ಟಪ್ಪನವರ ಕುರ್ಚಿ ಹಾಕಿದ್ದು ಕಣದ ಈ ಅಂಚಿನಲ್ಲಿ. ಬಿಸಿಲು ಕಾಯಿಸಿಕೊಳ್ಳಲಿ ಎಂದು ಕೂರಿಸಿ, ಕೋಳಿ ಬಂದರೆ ಓಡಿಸಲು ಕೈಗೊಂದು ಕೋಲು ಕೊಟ್ಟು ಮನೆಯವರು ಹೋಗಿದ್ದರು. ಕೋಳಿಗೆ ಇವರ ಹೆದರಿಕೆ ಇರಲಿಲ್ಲ, ಕುರ್ಚಿಯ ಕೆಳಗೇ ಬಂದು ಮಲಗುತ್ತಿದ್ದವು ಎಂದು ತಂಗಮ್ಮ ಹೇಳಿಕೆಯಲ್ಲೇ ಬರೆಸಿದ್ದರು.

ದಿವ್ಯಶ್ರೀ ಕಣಕ್ಕೆ ಕಾಲಿಟ್ಟಳು.

"ಷೂ ಬಿಚ್ಚಿ ಮೇಡಂ," ಎಂದು ಆ ಕಡೆಯಿಂದ ಕಮಲ ಕೂಗಿದಳು. ಮರದ ಹಲಗೆಗೆ ಉದ್ದ ಕೋಲು ಹೊಡೆದು ಮಾಡಿದ ಗೋರೆಯಿಂದ ಹಣ್ಣನ್ನು ಸಾಲು ಸಾಲಾಗಿ ಸರಿಸುತ್ತಿದ್ದ, ಆಳುಗಳ ಲೈನ್ ಮನೆಯ ಹೆಂಗಸು. "ಪೊಲೀಸಾದ್ರೂ ಅಷ್ಟೇ, ಪ್ರಧಾನಿ ಆದ್ರೂ ಅಷ್ಟೇ. ನಾಳೆ ಜನ ಕುಡಿಯೋದಲ್ವಾ."

ದಿವ್ಯಶ್ರೀ ನಗುತ್ತಾ ಷೂ ಬಿಚ್ಚಿದಳು. ಮೊನ್ನೆ ಏನಾದರೂ ಕಂಡಿತ್ತೇ ಎಂದು ಕೇಳಿದಳು. ಕಮಲಳ ಉತ್ತರದಲ್ಲಿ ನಾಚಿಕೆ ಇತ್ತು. ಪಿಕ್ಕಿಂಗಿನಿಂದ ಬಂದಾಗ ಸಾಲುಗಳು ಅಲ್ಲಲ್ಲಿ ತುಳಿದು ಕೆಟ್ಟಿದ್ದವಂತೆ. ನಾಯಿ ಓಡಾಡಿರಬೇಕೆಂದು ಬಯ್ದುಕೊಂಡು ಮತ್ತೆ ಎಳೆದು ಸರಿ ಮಾಡಿದಳಂತೆ. ಉದಯ ಬಿದ್ದದ್ದು ಕಂಡದ್ದು ಸಾಲು ಎಳೆದು ತೊಟ್ಟಿಯ ಹತ್ತಿರ ಹೋದ ಮೇಲೆ.

ಹೆಜ್ಜೆ ಗುರುತೆಲ್ಲ ಹೋಗಿತ್ತು. ಯಾರೂ ಮುಚ್ಚಿಟ್ಟಿರಲಿಲ್ಲ. ಸಾಲು ಕೆಟ್ಟ ಕಣವನ್ನು ಕಂಡೂ ಸುಮ್ಮನಿರುವ ಕೈ ಈ ಸೀಮೆಯಲ್ಲಿ ಇಲ್ಲ, ಅಷ್ಟೇ.

ಬೇಸರದಲ್ಲೇ ದಿವ್ಯಶ್ರೀ ಮುಂದೆ ಹೆಜ್ಜೆ ಹಾಕಿದಳು. ಏರಿ, ತಗ್ಗು. ಏರಿ, ತಗ್ಗು. ಗೋರೆ ಎಳೆದ ಕಡೆ ಹಣ್ಣು ಎರಡು ಪಕ್ಕಕ್ಕೆ ಏರಿಯಾಗಿ ನಿಂತು, ನಡುವೆ ಸಿಮೆಂಟು ಕಾಣುವಂತೆ ಗೆರೆ ಗೆರೆಯಾಗಿ ಉಳಿದಿತ್ತು. ಹಣ್ಣು ತುಳಿಯಬಾರದೆಂದು ಅವಳ ಕಾಲು ತಾನಾಗಿಯೇ ಏರಿ ದಾಟಿ ಗೆರೆಯಲ್ಲಿ ಇಳಿಯುತ್ತಿತ್ತು. ಸೋಮವಾರಪೇಟೆಯ ಅಜ್ಜಿ ಮನೆಯ ಕಣದಲ್ಲಿ ಚಿಕ್ಕವಳಿದ್ದಾಗ ಹೀಗೇ ದಾಟುತ್ತಿದ್ದಳು.

ಅವಳು ಕಣದ ನಡುವೆ ನಿಂತುಬಿಟ್ಟಳು. ತಿರುಗಿ ತನ್ನ ಹೆಜ್ಜೆಗಳನ್ನು ನೋಡಿದಳು.

ಒಂದೊಂದೂ ಒಂದೇ ಅಳತೆ. ಹೊಲಿಗೆಯ ಹಾಗೆ.

"ಸೌಜನ್ಯ," ಎಂದು ಕರೆದಳು. "ಇಲ್ಲಿ ಬನ್ನಿ. ಚಪ್ಪಲಿ ಅಲ್ಲೇ ಬಿಡಿ."

*

ಕುಟ್ಟಪ್ಪನವರನ್ನು ಕುರ್ಚಿ ಸಮೇತ ಇಬ್ಬರು ಕಾನ್‌ಸ್ಟೇಬಲ್‌ಗಳು ಕಣದ ಅಂಚಿಗೆ ಹೊತ್ತು ತಂದರು. ಮದುವೆಯ ದಿನವೂ ಇಷ್ಟು ಮೆರವಣಿಗೆ ಆಗಿರಲಿಲ್ಲ ಎಂದರು ತಂಗಮ್ಮ.

ಮೊದಲು ಕಣದ ಹೊರಗೆ, ಬರಿ ಅಂಗಳದಲ್ಲಿ ನಿಲ್ಲಿಸಿದರು. ನಡೆಯಲು ಹೇಳಿದರು. ಅವರು ಪ್ರಯತ್ನಪಟ್ಟರು. ಪಾದ ನೆಲಕ್ಕೆ ಅಂಟಿಕೊಂಡೇ ಇತ್ತು. ಮೊಣಕಾಲು ನಡುಗಿತು, ಮೈ ಮುಂದಕ್ಕೆ ವಾಲಿತು, ಪೂಜಿತಾ ಹಿಡಿದುಕೊಂಡಳು. ಜವರಪ್ಪ ಕೈಕಟ್ಟಿ ನೋಡುತ್ತಿದ್ದರು.

ಆಮೇಲೆ ಕಣದ ಒಳಗೆ ತಂದು ನಿಲ್ಲಿಸಿದರು. ಸೌಜನ್ಯ ಪಕ್ಕದಲ್ಲಿ ನಿಂತಳು. ಕಾಲನ್ನು ಮರೆತುಬಿಡಿ, ಎದುರಿನ ಗೆರೆ ನೋಡಿ, ಅದರೊಳಗೆ ಹೆಜ್ಜೆ ಇಡಿ ಎಂದಷ್ಟೇ ಹೇಳಿದಳು.

ಕುಟ್ಟಪ್ಪ ಕೆಳಗೆ ನೋಡಿದರು.

ಬಹಳ ಹೊತ್ತು ಏನೂ ಆಗಲಿಲ್ಲ. ಹಿಂದಿನ ಹಲಸಿನ ಮರದಲ್ಲಿ ಯಾವುದೋ ಹಕ್ಕಿ ಒಂದೇ ಸಮನೆ ಕುಟುಕುತ್ತಿತ್ತು. ಜವರಪ್ಪ ಗಂಟಲು ಸರಿಮಾಡಿಕೊಂಡರು.

ಬಲಗಾಲು ಎದ್ದಿತು.

ಹಣ್ಣಿನ ಏರಿಯನ್ನು ದಾಟಿ ಆಚೆಯ ಗೆರೆಯಲ್ಲಿ ಇಳಿಯಿತು. ಎಡಗಾಲು ಹಿಂಬಾಲಿಸಿತು. ಮತ್ತೆ ಬಲ. ಮತ್ತೆ ಎಡ. ಪೂಜಿತಾಳ ಕೈ ಅವರ ತೋಳಿನಿಂದ ಜಾರಿತು. ಅವಳು ಹಿಂದೆ ಉಳಿದಳು, ಅವರು ಮುಂದೆ ಹೋದರು. ಕೈ ನಡುಗುತ್ತಲೇ ಇತ್ತು. ಕಾಲು ಮಾತ್ರ ಯಾರದೋ ಹರೆಯದ ಕಾಲಿನ ಹಾಗೆ ಸಾಲಿಂದ ಸಾಲಿಗೆ ನಡೆಯಿತು.

"ನಂಗೆ ಒಂದು ಚೊಂಬು ನೀರು ತಂದುಕೊಡ್ಲಿಕ್ಕೆ ಏಳದ ಮನುಷ್ಯ," ಎಂದರು ತಂಗಮ್ಮ. "ಪೊಲೀಸರಿಗಾದ್ರೆ ನಡೀತದೆ ನೋಡಿ ಕಾಲು." ಸೆರಗಿನಿಂದ ಮುಖ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

ಸೌಜನ್ಯ ಮಾತಾಡುತ್ತಲೇ ಇದ್ದಳು, ಸಂಭ್ರಮಕ್ಕೆ ಮಾತು ತೊದಲುತ್ತಿತ್ತು. ಈ ಕಾಯಿಲೆಯಲ್ಲಿ ಕಾಲಿಗೆ ಶಕ್ತಿ ಇಲ್ಲದೆ ನಿಲ್ಲುವುದಲ್ಲ, ನಡೆ ಎಂದು ಒಳಗಿನಿಂದ ಬರಬೇಕಾದ ಅಪ್ಪಣೆ ದಾರಿಯಲ್ಲೇ ತಡೆದುಹೋಗುತ್ತದೆ. ಕಣ್ಣಿಗೆ ಗೆರೆ ಕಂಡರೆ ಅಪ್ಪಣೆ ಇನ್ನೊಂದು ದಾರಿಯಿಂದ ಬರುತ್ತದೆ. ಎಲ್ಲರಿಗೂ ಆಗುವುದಿಲ್ಲ. ಇವರಿಗೆ ಆಗುತ್ತದೆ. ಮನೆಯೊಳಗೆ ಮಂಚದಿಂದ ಬಚ್ಚಲಿನವರೆಗೆ ಬಣ್ಣದ ಪಟ್ಟಿ ಅಂಟಿಸಬಹುದು. ಹೊಸ್ತಿಲಿನ ಹತ್ತಿರವೂ ಅಂಟಿಸಬಹುದು.

ತಂಗಮ್ಮ ಸೆರಗು ತೆಗೆದು, ಬಣ್ಣ ಯಾವುದಾದರೂ ಆಗುತ್ತದೆಯೇ, ಹಳದಿ ಮನೆಯಲ್ಲೇ ಇದೆ ಎಂದರು.

ಕುಟ್ಟಪ್ಪ ಕಣದ ನಡುವೆ ನಿಂತಿದ್ದರು. ಮುಖದಲ್ಲಿ ಭಾವ ಮೂಡದ ಹಾಗೆ ಮಾಡುವ ಕಾಯಿಲೆ ಅದು. ಆದರೆ ಕಣ್ಣು ಹೊಳೆಯುತ್ತಿತ್ತು. ಸೌಜನ್ಯಾಳ ಪರದೆಯ ಮೇಲೆ ಹೊಸ ಅಲೆ ಹಳೆಯ ಅಲೆಯ ಪಕ್ಕದಲ್ಲಿ ಬಂದು ಕೂತಿತು. ಎರಡೂ ಒಂದೇ ಹೊಲಿಗೆ.

ಜವರಪ್ಪ ಟೋಪಿ ತೆಗೆದು ತಲೆ ಒರೆಸಿಕೊಂಡರು. "ಕಾಯಿಲೆ ನಟನೆ ಅಂದೆ. ಅದು ನನ್ನ ತಪ್ಪು, ಒಪ್ಕೋತೀನಿ," ಎಂದರು. "ಆದರೆ ದಿವ್ಯಶ್ರೀ, ನೀವು ಇವರನ್ನ ಬಿಡಿಸಲಿಲ್ಲ. ತೊಟ್ಟಿ ತನಕ ತಲುಪಿಸಿದ್ರಿ. ನಾನು ಊಹೆ ಮಾಡಿದ್ದೆ, ನೀವು ಕಣ್ಣಾರೆ ತೋರಿಸಿದ್ರಿ."

ಅದು ನಿಜ. ಪೂಜಿತಾಳ ಮುಖದ ಮೇಲೆ ಕ್ಷಣದ ಹಿಂದೆ ಬಂದಿದ್ದ ಬೆಳಕು ಹಿಂದಕ್ಕೆ ಹೋಯಿತು.

ದಿವ್ಯಶ್ರೀ ಕಣದೊಳಗೆ ಹೋಗಿ ಕುಟ್ಟಪ್ಪನವರ ಎದುರು ನಿಂತಳು. ಒಂದು ಪ್ರಶ್ನೆ ಅವಳನ್ನು ಚುಚ್ಚುತ್ತಿತ್ತು. ಅದನ್ನು ಅವರಿಗಲ್ಲ, ಸೌಜನ್ಯಾಳಿಗೆ ಕೇಳಿದಳು.

"ಈ ಗೆರೆಯ ಉಪಾಯ ಇವರಿಗೆ ಯಾವಾಗ ಕಲಿಸಿದ್ರಿ?"

"ಇವತ್ತೇ ಮೊದಲು," ಎಂದಳು ಸೌಜನ್ಯ. "ಮೊದಲು ಬರಿ ನೋಡೋದು, ಬರೆದುಕೊಳ್ಳೋದು. ಕಲಿಸೋದು ಮುಂದಿನ ಹಂತ."

"ಹಾಗಾದರೆ ಮೊನ್ನೆ ಇವರಿಗೆ ಹೇಳಿದವರು ಯಾರು?"

ಕುಟ್ಟಪ್ಪನವರ ಕೈಯ ನಡುಕ ಹೆಚ್ಚಾಯಿತು.

"ಕುಟ್ಟಪ್ಪಣ್ಣ," ಎಂದಳು ದಿವ್ಯಶ್ರೀ, ಮೆಲ್ಲಗೆ. "ದಿನಾ ಈ ಕಣ ನೋಡ್ಕೊಂಡು ಕೂತಿದ್ರಿ. ಒಂದು ದಿನವೂ ಎದ್ದಿಲ್ಲ. ಮೊನ್ನೆ ಯಾರೋ ಗೆರೆ ನೋಡಿ ನಡೀರಿ ಅಂದ್ರು. ಯಾರು?"

ಕುಟ್ಟಪ್ಪ ಸೌಜನ್ಯಾಳ ಕಡೆ ತಿರುಗಿದರು. ಈ ಕಾಯಿಲೆಯಲ್ಲಿ ದನಿಯೂ ಸಣ್ಣದಾಗಿಬಿಡುತ್ತದೆ. ಎಲ್ಲರೂ ಹತ್ತಿರ ಬರಬೇಕಾಯಿತು.

"ಮಗಾ, ನಿನ್ನ ಮೆಷಿನು ಖಂಡಿತ ಹೇಳ್ತದಾ? ನಾನು ಮೊನ್ನೆ ನಡೆದದ್ದು ಹೌದಾ?"

"ಹೌದು."

"ಹಾಗೆ ಅನ್ನಿಸಿದ್ದಲ್ಲವಾ?"

"ಅಲ್ಲ. ನಡೆದಿದ್ದೀರಿ. ಹೋಗಿದ್ದೂ ಇದೆ, ಬಂದದ್ದೂ ಇದೆ."

ಕುಟ್ಟಪ್ಪ ಕಣ್ಣು ಮುಚ್ಚಿಕೊಂಡರು. ಆಮೇಲೆ, ಯಾರೂ ಕೇಳದೆಯೇ, ಹೇಳತೊಡಗಿದರು. ಮಾತ್ರೆ ಜಾಸ್ತಿ ಮಾಡಿದ ಮೇಲೆ ತಮಗೆ ಇಲ್ಲದವರೆಲ್ಲ ಕಾಣುತ್ತಾರೆ. ಮಂಚದ ಮೇಲೆ ಕೆಂಪು ಹೇಂಟೆ ಕೂತಿರುತ್ತದೆ. ಬಾಗಿಲ ಬಳಿ ಸತ್ತುಹೋದ ಅಕ್ಕ ಅಕ್ಕಿ ಆರಿಸುತ್ತಿರುತ್ತಾಳೆ. ಮೊದಮೊದಲು ಮಾತಾಡಿಸುತ್ತಿದ್ದರು. ಮನೆಯವರು ಹೆದರುತ್ತಾರೆಂದು ಆಮೇಲೆ ಬಿಟ್ಟರು. ಕಂಡರೂ ಕಾಣದವರ ಹಾಗೆ ಇರುವುದನ್ನು ಕಲಿತರು. ಮೊನ್ನೆಯದನ್ನೂ ಅದೇ ಲೆಕ್ಕಕ್ಕೆ ಹಾಕಿದ್ದರು. ನಡೆದದ್ದೂ ಭ್ರಮೆ, ಕಂಡದ್ದೂ ಭ್ರಮೆ. ಆದ್ದರಿಂದಲೇ ಕುರ್ಚಿಯಿಂದ ಎದ್ದಿಲ್ಲ ಎಂದು ಬರೆಸಿದ್ದು.

"ಸುಳ್ಳು ಹೇಳ್ಲಿಲ್ಲೆ ಸಾಹೇಬ್ರೆ. ನಂಗೆ ಗೊತ್ತಿದ್ದದ್ದು ಅಷ್ಟೇ."

ಮುಂದೆ ಹೇಳಿ ಎಂದು ಜವರಪ್ಪ ಕೈ ತೋರಿಸಿದರು.

"ತೊಟ್ಟಿ ಹತ್ರ ನಿಂತುಕೊಂಡು ಕೂಗಿದ," ಎಂದರು ಕುಟ್ಟಪ್ಪ. "ಮಾವ, ಕಾಲು ನೋಡಬೇಡಿ. ಗೆರೆ ನೋಡ್ಕೊಂಡು ಬನ್ನಿ, ಬೇಗ ಬನ್ನಿ, ಅಂತ. ನಾನು ಎದ್ದೆ."

ಮಾವ. ಹಾಗೆ ಅವರನ್ನು ಕರೆಯುವ ಹಕ್ಕಿದ್ದವನು ಒಬ್ಬನೇ ಇದ್ದ. ಪೂಜಿತಾಳ ಗಂಡ ಚೈತನ್ಯ. ಹೊಳೆ ಊರೊಳಗೆ ನುಗ್ಗಿದ ವರ್ಷ, ನೀರಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಹಗ್ಗ ಹಿಡಿದು ಹೋದವನು ವಾಪಸ್ಸು ಬರಲಿಲ್ಲ. ಹಗ್ಗ ಸಿಕ್ಕಿತು. ಅವನು ಸಿಗಲಿಲ್ಲ. ಹುಡುಕುವಷ್ಟು ಹುಡುಕಿ, ಕಾಯುವಷ್ಟು ಕಾಯ್ದು, ಹಿರಿಯರು ಹೇಳಿದಂತೆ ಕ್ರಿಯೆ ಮುಗಿಸಿದ್ದರು. ದಿವ್ಯಶ್ರೀಗೆ ಅದನ್ನು ಕಿವಿಯಲ್ಲಿ ಹೇಳುವಾಗ ತಂಗಮ್ಮನ ಉಸಿರು ಬಿಸಿಯಾಗಿತ್ತು.

ಪೂಜಿತಾ ಅಲ್ಲಾಡಲಿಲ್ಲ. ಅವಳ ದನಿಯೂ ಎಂದಿನ ದನಿಯೇ.

"ಹೇಗಿದ್ದರು, ಅಪ್ಪ?"

"ಬಡಕಲಾಗಿದ್ದಾನೆ. ಗಡ್ಡ ಬಿಟ್ಟಿದ್ದಾನೆ. ಗಡ್ಡದಲ್ಲಿ ಬಿಳಿ ಬಂದಿದೆ."

ದಿವ್ಯಶ್ರೀ ಆ ಮಾತನ್ನು ಮನಸ್ಸಿನಲ್ಲೇ ತೂಗಿ ನೋಡಿದಳು. ನೆನಪಿನಿಂದ ಎದ್ದು ಬರುವವರಿಗೆ ವಯಸ್ಸಾಗುವುದಿಲ್ಲ, ಬದುಕಿರುವವರಿಗೆ ಆಗುತ್ತದೆ.

ಜವರಪ್ಪನವರೂ ಅದೇ ಲೆಕ್ಕ ಹಾಕಿರಬೇಕು. ಜೀಪಿನ ಡ್ರೈವರನಿಗೆ ಎಂಜಿನ್ ಆರಿಸಲು ಸನ್ನೆ ಮಾಡಿದರು. ಕುಟ್ಟಪ್ಪನವರ ಹತ್ತಿರಕ್ಕೆ ಬರಲು ಬಗ್ಗಿ ಷೂ ಬಿಚ್ಚಿದರು. ಅವರ ದನಿಯಲ್ಲಿ ಈಗ ಪೊಲೀಸಿನವನ ಬಿರುಸು ಇರಲಿಲ್ಲ. ಪ್ರಶ್ನೆ ಮಾತ್ರ ಪೊಲೀಸಿನವನದೇ.

"ಉದಯನ ಮೈಯೆಲ್ಲ ಒದ್ದೆಯಾಗಿತ್ತು, ಅಂದ್ರೆ ನೀವು ತೊಟ್ಟಿ ಹತ್ರ ಹೋದಾಗ ಅವನು ನೀರಲ್ಲಿದ್ದ. ಅಲ್ವಾ? ನಿಮ್ಮ ಅಳಿಯನ ಕೈ ಅವನ ಮೇಲಿದ್ದಿರಬೇಕು. ಎತ್ತುತ್ತಿದ್ದನೋ, ಮುಳುಗಿಸುತ್ತಿದ್ದನೋ?"

ಕುಟ್ಟಪ್ಪ ಮಗಳನ್ನು ನೋಡಿದರು.

"ಹೇಳ್ತೇನೆ," ಎಂದರು ಕೊನೆಗೆ. "ಇವಳನ್ನು ಒಳಗೆ ಕಳಿಸಿ."

ಪೂಜಿತಾ ಒಳಗೆ ಹೋಗಲಿಲ್ಲ. ಸಾಲುಗಳನ್ನು ತುಳಿದುಕೊಂಡೇ ಕಣದ ನಡುವೆ ಬಂದು, ಅಪ್ಪನ ನಡುಗುವ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವಳ ದನಿ ಒಡೆದದ್ದನ್ನು ಆ ಮನೆಯವರು ವರ್ಷಗಳಾದ ಮೇಲೆ ಕೇಳಿದರು.

"ಬದುಕಿದ್ದಾರಲ್ಲ, ಅಪ್ಪ. ನಂಗೆ ಅಷ್ಟು ಸಾಕು. ಉಳಿದದ್ದು ಏನೇ ಇರಲಿ, ನನ್ನೆದುರೇ ಹೇಳಿ."